ಪೂಜೆಯ ಹೊತ್ತು

ಇಳಕಲ್ಲಿನ ನೇಕಾರ ಓಣಿಯಲ್ಲಿ ಗುರುಲಿಂಗವ್ವ ಬಾರದೆ ಸೀರೆಯ ಒಡಲಿಗೆ ಸೆರಗು ಕೂಡುತ್ತಿರಲಿಲ್ಲ. ಎದುರಿಗೆ ಜೊತೆಗಾತಿ ರಂಜಾನಬಿ ಕೂತು ಸೆರಗಿನ ಎಳೆ ಕೊಡಬೇಕು, ಈಕೆ ಅದನ್ನು ಒಡಲಿನ ಎಳೆಗೆ ಸಿಕ್ಕಿಸಿ ಕೊಂಡಿ ಹಾಕಬೇಕು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ನಲವತ್ತು ವರ್ಷ ಇಬ್ಬರೂ ಹಾಗೆ ಮನೆಮನೆ ತಿರುಗಿದರು. ಹೋದ ವರ್ಷ ರಂಜಾನಬಿ ತೀರಿಕೊಂಡಳು. ಕೈಮಗ್ಗಗಳೂ ಒಂದೊಂದಾಗಿ ನಿಂತವು. ಗುರುಲಿಂಗವ್ವನನ್ನು ಕರೆಯುವವರೇ ಇಲ್ಲದಂತಾಯಿತು.

ಗಂಡನಿಲ್ಲ, ಮಕ್ಕಳಿಲ್ಲ, ಈಗ ಕೆಲಸವೂ ಇಲ್ಲವೆಂದು ಎದುರುಮನೆಯ ನೇತ್ರಾಳ ಮುಂದೆ ಹೇಳಲು ನಾಚಿಕೆ. "ಲಿಂಗಪೂಜಿಗೆ ಕುಂತ್ರ ನನಗ ಮಧ್ಯಾಹ್ನ ಆಗ್ತೈತಿ, ನಡುವ ಬಾಗಲಾ ಬಡೀಬ್ಯಾಡವಾ" ಎಂದುಬಿಟ್ಟಳು. ಖರೆ ಅಂದರೆ ಪೂಜೆ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು. ಉಳಿದ ಹೊತ್ತು ಚಿಲಕ ಹಾಕಿಕೊಂಡು ಸುಮ್ಮನೆ ಕೂಡುತ್ತಿದ್ದಳು.

ಒಂದು ಮಂಗಳವಾರ ಮುಂಜಾನೆ ಬಚ್ಚಲಲ್ಲಿ ಕಾಲು ಜಾರಿತು. ಟೊಂಕದಲ್ಲಿ ಏನೋ ಚಟ್ಟೆಂದಿತು. ಏಳಲು ನೋಡಿದರೆ ಎಡಗಾಲು ಬೇರೆ ಯಾರದೋ ಅನ್ನುವಂತೆ ಬಿದ್ದಿತ್ತು. ಕೂಗಿದಳು, ದನಿ ಗಂಟಲು ದಾಟಲಿಲ್ಲ. ಹಿಂದಿನ ಮನೆಯ ಪವರ್‌ಲೂಮು ಖಡಖಡ ಬಡಿದುಕೊಳ್ಳುತ್ತಲೇ ಇತ್ತು.

ಬಾಗಿಲಾಚೆ ನೇತ್ರಾಳ ಮೂರು ವರ್ಷದ ಮಗಳು, "ಆಯೀ, ರೊಟ್ಟಿ ತಂದೀವಿ" ಎಂದು ಒದರಿದಳು.

"ಒದರಬ್ಯಾಡ. ಆಯಿ ಪೂಜಿಗೆ ಕುಂತಾಳ, ನಾಳಿ ಬರೂಣು," ಎಂದಳು ನೇತ್ರಾ. ಒಳಗಿನಿಂದ ದನಿ ಏಳುವ ಮೊದಲೇ ಹೆಜ್ಜೆಗಳು ದೂರವಾದವು.

ಗುರುಲಿಂಗವ್ವನಿಗೆ ಖರೆ ಅಂಜಿಕೆ ಹುಟ್ಟಿದ್ದು ಆಗ. ಬಿದ್ದಾಗಲೂ ಇಷ್ಟು ಅಂಜಿರಲಿಲ್ಲ. ನಾಳೆಯೂ ನೇತ್ರಾ ಹೀಗೇ ಹೇಳಿ ಹೋಗುತ್ತಾಳೆ, ನಾಡಿದ್ದೂ. ವಾಸನೆ ಬಂದ ಮೇಲಷ್ಟೇ ಬಾಗಿಲು ಒಡೆಯುತ್ತಾರೆ. ಕೈಗೆ ಸಿಕ್ಕ ತಂಬಿಗೆಯಿಂದ ಬಚ್ಚಲ ಕಲ್ಲು ಕುಟ್ಟಿದಳು. ಓಣಿ ಮುಟ್ಟುವ ಮೊದಲೇ ಮಗ್ಗದ ಸದ್ದು ಅದನ್ನೂ ನುಂಗಿತು. ಕುಟ್ಟಿ ಕುಟ್ಟಿ ಕೈ ಸೋತಿತು. ಮೈ ತಣ್ಣಗಾಗುತ್ತ ಬಂತು.

ಎಷ್ಟೋ ಹೊತ್ತಿನ ಮೇಲೆ ಕರೆಂಟು ಹೋಯಿತು. ಮಗ್ಗ ನಿಂತಿತು. ಇದ್ದಬದ್ದ ಶಕ್ತಿ ಹಾಕಿ ಮತ್ತೆ ಕುಟ್ಟಿದಳು.

ಸದ್ದು ಕೇಳಿ ನೇತ್ರಾಳ ಗಂಡ ಶಿವಪ್ರಕಾಶ ಬಂದು ಚಿಲಕ ಮುರಿದ.

"ಪೂಜಿ ನಡದೈತಿ ಅಂತ ಹೊಳ್ಳಿ ಹೋದ್ನೆಲ್ಲ ಆಯಿ," ಒದ್ದೆ ಸೀರೆ ಬದಲಿಸುತ್ತ ನೇತ್ರಾ ಅತ್ತಳು.

"ಎಲ್ಲೀ ಪೂಜಿ. ಕೆಲಸಿಲ್ಲದ ಕುಂತಿರ್ತಿದ್ನೆವಾ," ಎಂದಳು ಮುದುಕಿ.

ದವಾಖಾನೆಯಿಂದ ಬಂದ ದಿನ ಶಿವಪ್ರಕಾಶ ಹೊಸ ಚಿಲಕ ತಂದ. ಗುರುಲಿಂಗವ್ವ ಬ್ಯಾಡ ಅಂದಳು.

"ಕಳ್ಳರು ಬಂದ್ರ?"

"ಬರ್ಲಿ ಬಿಡಪಾ, ಯಾರರ ಬರ್ಲಿ."

ಮರುದಿನ ಹತ್ತಾದರೂ ಯಾರ ಸುಳಿವೂ ಇಲ್ಲ. ಆಕೆ ಮಲಗಿದಲ್ಲಿಂದಲೇ ತೆರೆದ ಬಾಗಿಲು ನೋಡುತ್ತಿದ್ದಳು. ಹನ್ನೊಂದಕ್ಕೆ ನೇತ್ರಾ ಬಂದು, ನಿದ್ದೆಗಣ್ಣಿನ ಮಗಳನ್ನು ಪಕ್ಕಕ್ಕೆ ಮಲಗಿಸಿ, "ನಳಾ ಬಂದಾವ, ನೀರು ತುಂಬಿ ಬರ್ತೇನಿ, ನೋಡ್ಕೊ" ಎಂದು ಹೋದಳು. ಕೂಸಿನ ತಲೆ ತೋಳಿನ ಮೇಲಿತ್ತು. ಎದ್ದು ಹೋಗಿಬಿಟ್ಟೀತೆಂದು ಗುರುಲಿಂಗವ್ವ ಜೋಮು ಹಿಡಿದರೂ ತೋಳು ಕದಲಿಸಲಿಲ್ಲ.