ಬೆಳಕಿಗೆ ಬೆನ್ನು ಕೊಟ್ಟ ಪಾಚಿಕಣಗಳು

೧೯೫೧ರ ಮಳೆಗಾಲದಲ್ಲಿ ನಾನು ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದ ಸಂಶೋಧನಾ ಸಹಾಯಕನಾಗಿ ಕೊಳ್ಳೇಗಾಲಕ್ಕೆ ಬಂದೆ. ಊರು ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಪಾಚಿ ತರಲು ಯಳಂದೂರಿನ ಹೊನ್ನೂರು ಕೆರೆಗೆ ಹೋದರೆ ಮೈಸೂರು ರಾಜ್ಯ. ಪಾಚಿಗೆ ಆ ಗಡಿಯ ಪರಿವೆಯೇನೂ ಇರಲಿಲ್ಲ.

ಹಸಿರು ಪಾಚಿಯ ಸಂತಾನಕಣಗಳ ಮೇಲೆ ಬೆಳಕಿನ ಪರಿಣಾಮವೇನು ಎಂದು ನೋಡುವುದು ನನ್ನ ಕೆಲಸ. ಕಡಲಪಾಚಿಗಳಲ್ಲಿ ಇದನ್ನು ಬಲ್ಲವರು ಆಗಲೇ ಕಂಡಿದ್ದರು. ಅವುಗಳ ದಾಯಾದಿಗಳು ನಮ್ಮ ಕೆರೆಗಳಲ್ಲೂ ಇವೆ. ಬೆಳಗಿನ ಬೆಳಕು ತಾಗಿದೊಡನೆ ಪಾಚಿಯ ಎಳೆಯಿಂದ ಗ್ಯಾಮೀಟ್ ಎಂಬ ಕಣಗಳು ಹೊರಬೀಳುತ್ತವೆ. ಅವು ಬೆಳಕಿನತ್ತ ಈಜಿ, ಎರಡೆರಡು ಕೂಡಿ ಒಂದಾಗುತ್ತವೆ. ಹಾಗೆ ಒಂದಾದದ್ದು ಜೈಗೋಟ್. ಅದು ಬೆಳಕಿಗೆ ಬೆನ್ನು ಕೊಟ್ಟು ಕತ್ತಲಿಗೆ ಹೋಗಿ ನೆಲೆ ನಿಲ್ಲುತ್ತದೆ. ಕೂಡಿದ ಎಷ್ಟು ನಿಮಿಷಕ್ಕೆ ಬೆನ್ನು ಕೊಡುತ್ತದೆ ಎಂಬುದು ನನಗೆ ಬೇಕಿತ್ತು.

ರೇಷ್ಮೆ ನೇಯುವ ನಂಜಪ್ಪನವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಪೂರ್ವಕ್ಕೊಂದು ಕಿಟಕಿ, ಅದರ ಮುಂದೆ ನನ್ನ ಮೈಕ್ರೋಸ್ಕೋಪು. ಅದಕ್ಕೆ ದೀಪವಿಲ್ಲ, ಕೆಳಗಿನ ಪುಟ್ಟ ಕನ್ನಡಿ ಆಕಾಶದ ಬೆಳಕನ್ನು ಹಿಡಿದು ನೀರಿನ ಹನಿಯ ನಡುವೆ ಒಂದು ದುಂಡನೆಯ ಬೆಳಗು ಮಾಡುತ್ತಿತ್ತು.

ಒಂದು ದಿನ ನಂಜಪ್ಪನವರು ಕುತೂಹಲಕ್ಕೆ ಇಣುಕಿದರು. ಮಗ್ಗದ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದೇ ಎಳೆ ಕಡಿದರೂ ದೂರದಿಂದಲೇ ಹಿಡಿಯುತ್ತಿದ್ದ ಕಣ್ಣು ಅವರದು. ನಾನು ವಾರಗಟ್ಟಲೆ ತಡಕಾಡಿದ್ದನ್ನು ಅರ್ಧ ಗಂಟೆಯಲ್ಲಿ ಕಂಡರು.

"ಜೋಡಿ ಸಿಕ್ಕೋಗಂಟ ಬೆಳಕು ಬೇಕು, ಸಿಕ್ಕಿದ್ಮೇಲೆ ಮೂಲೆ ಸೇರ್ಕತವೆ. ನಮ್ಮಂಗೇ ಕಣ್ರಿ ಸಾ!" ಎಂದು ನಕ್ಕರು. ಒಳಗಿನಿಂದ ಅವರ ಹೆಂಡತಿ ಗೌರಮ್ಮ, "ಮಾತು ಸಾಕು, ಮಗ್ಗಕ್ಕೆ ಇಳೀರಿ" ಎಂದು ಗದರಿದರು.

ಅಂದಿನಿಂದ ದಿನವೂ ಬೆಳಿಗ್ಗೆ ಮಗ್ಗದ ಗುಂಡಿಗೆ ಇಳಿಯುವ ಮುನ್ನ ಒಂದು ಗಂಟೆ ಅವರು ನನ್ನ ಜೊತೆ ಕೂರುತ್ತಿದ್ದರು. ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯುವುದನ್ನು ಕಲಿಸಿದೆ. ಒಂದು ಕಣ್ಣು ದಣಿದರೆ ಇನ್ನೊಂದಕ್ಕೆ ಬದಲಿಸಿಕೊಳ್ಳುವುದನ್ನೂ ನಾನೇ ಕಲಿಸಿದೆ.

ಆಮೇಲೊಮ್ಮೆ ಬೇರೆ ಪಾಚಿ ಹುಡುಕಿಕೊಂಡು ಹನೂರು ದಾಟಿ ಅಜ್ಜೀಪುರ, ಕೌದಳ್ಳಿಯ ಕಡೆಗೆ ಮೂರು ದಿನ ಹೋಗಬೇಕಾಯಿತು. ಕೆಲಸ ನಿಲ್ಲಬಾರದೆಂದು ನಂಜಪ್ಪನವರಿಗೆ ಒಪ್ಪಿಸಿದೆ. ಮೋಡ ಕವಿದಿತ್ತು. "ಬೆಳಕು ಸಾಲದಿದ್ದರೆ ಕನ್ನಡಿ ತಿರುಗಿಸಿಕೊಳ್ಳಿ" ಎಂದು ಹೇಳಿ ಬಸ್ಸು ಹತ್ತಿದೆ.

ಹಿಂತಿರುಗಿದವನು ಮೊದಲು ಪುಸ್ತಕ ತೆರೆದೆ. ಮೂರನೆಯ ದಿನದ ಸಾಲು ಹೀಗಿತ್ತು: "ಇವತ್ತು ಜೋಡಿ ಆಗದವೂ ಬೆಳಕು ಬಿಟ್ಟು ಅಂಚಿಗೆ ಓಡಿದವು. ಎರಡು ಸಾರಿ ನೋಡಿದೆ." ನನಗೆ ರೋಮಾಂಚನವಾಯಿತು. ಬೆಳಕನ್ನು ಹುಡುಕಿ ಬರುವ ಕಣಗಳೇ ಬೆಳಕಿನಿಂದ ಓಡಿವೆ! ನಾಚಿಕೆಯಿಂದ ಹೇಳುತ್ತೇನೆ, ಆ ಹೊತ್ತು ನನ್ನ ಹೆಸರಿನ ಪ್ರಬಂಧವೊಂದು ಕಣ್ಣ ಮುಂದೆ ಬಂದಿತ್ತು. ಬೆಳಕು ಎಷ್ಟಿತ್ತೆಂದು ಕೇಳಲು ಒಳಗೆ ಹೋದೆ.

ಅರ್ಧ ನೇಯ್ದ ಸೀರೆಯ ಮುಂದೆ ನಂಜಪ್ಪನವರು ಸುಮ್ಮನೆ ಕೂತಿದ್ದರು. ಕೈಯಲ್ಲಿ ಕಡಿದ ಎಳೆ.

"ಕನ್ನಡಿ ಯಾವ ಕಡೆ ತಿರುಗಿಸಿದ್ದಿರಿ?"

"ಮೋಡ ಸರೀತು ಸಾ. ಸೂರ್ಯನ ಕಡೀಕೇ ತಿರುಗ್ಸಿದೆ. ಕಣ್ಣು ಕುಕ್ತು, ಆದ್ರೂ ನಿಮ್ ಲೆಕ್ಕ ತಪ್ಪಬಾರ್ದಲ್ಲ ಅಂತ ಈ ಕಣ್ಣಲ್ಲೊಂದ್ಸಾರಿ, ಆ ಕಣ್ಣಲ್ಲೊಂದ್ಸಾರಿ ನೋಡ್ದೆ." ಕೈಯಲ್ಲಿದ್ದ ಎಳೆಯನ್ನು ಕಣ್ಣ ಮುಂದೆ ಹಿಡಿದರು: "ಈಗ ನೋಡಿದ್ದು ಕಾಣಾಕಿಲ್ಲ ಸಾ. ನೋಡ್ದೆ ಇರೋದು ಕಾಣ್ತದೆ."

ಮೈಸೂರಿಗೆ ಕರೆದುಕೊಂಡು ಹೋದೆ. ಮಸೂರಗಳು ಒಟ್ಟುಗೂಡಿಸಿದ ಬಿಸಿಲು ಎರಡೂ ಕಣ್ಣುಗಳ ಒಳಪರದೆಯ ನಡುಭಾಗವನ್ನು ಸುಟ್ಟಿದೆ ಎಂದರು ವೈದ್ಯರು. ಸುತ್ತಲಿನದು ಮಸುಕಾಗಿ ಕಾಣುತ್ತದೆ, ನೆಟ್ಟು ನೋಡಿದ್ದು ಅಳಿಸಿಹೋಗುತ್ತದೆ. ಮದ್ದಿಲ್ಲ.

ಕನ್ನಡಿಯನ್ನು ಸೂರ್ಯನಿಗೆ ಹಿಡಿಯಬಾರದು ಎಂಬುದು ಮೈಕ್ರೋಸ್ಕೋಪು ಮುಟ್ಟುವ ಮೊದಲ ದಿನವೇ ವಿದ್ಯಾರ್ಥಿಗಳಿಗೆ ನಾವು ಹೇಳುವ ಮಾತು. ಮನೆಗೆ ಬಂದು ಇದನ್ನು ಗಂಡಹೆಂಡಿರ ಮುಂದೆ ಒಪ್ಪಿಕೊಂಡೆ. ಗೌರಮ್ಮ ಕೇಳಿದರು: "ಕಾಲೇಜು ಐಕ್ಳಿಗೆಲ್ಲ ಏಳ್ತೀರಿ. ಇವ್ರಿಗ್ಯಾಕೆ ಏಳ್ಲಿಲ್ಲ?"

ಉತ್ತರ ನನಗೆ ಗೊತ್ತಿತ್ತು. ಅವರ ಕಣ್ಣನ್ನು ನಾನು ಬಳಸಿಕೊಂಡಿದ್ದೆ. ಅವರನ್ನು ವಿದ್ಯಾರ್ಥಿ ಎಂದು ಎಣಿಸಿರಲೇ ಇಲ್ಲ.

ಆ ಸೀರೆಯನ್ನು ಅವರ ತಮ್ಮ ಮುಗಿಸಿದರು. ನಂಜಪ್ಪನವರು ಆಮೇಲೆ ಮಗ್ಗಕ್ಕೆ ಇಳಿಯಲಿಲ್ಲ. ಬೆರಳಿನ ಅಂದಾಜಿನಲ್ಲಿ ನೂಲು ಸುತ್ತಿಕೊಡುತ್ತಿದ್ದರು. ನಾನು ಆ ಪ್ರಬಂಧ ಬರೆಯಲಿಲ್ಲ. ನಾಲ್ಕು ವರ್ಷದ ಮೇಲೆ ನೋಡಲು ಹೋದಾಗ ದನಿಯಿಂದಲೇ ಗುರುತು ಹಿಡಿದು ನನ್ನತ್ತ ತಿರುಗಿದರು. ಆಮೇಲೆ ನನ್ನ ಮುಖ ಕಾಣಲೆಂದು ಮುಖವನ್ನು ಪಕ್ಕಕ್ಕೆ ಹೊರಳಿಸಿಕೊಂಡರು.

"ಅವು ಅವತ್ತು ಯಾಕೆ ಓಡಿದ್ವು ಅಂತ ಗೊತ್ತಾಯ್ತಾ ಸಾ?" ಎಂದು ಕೇಳಿದರು.

"ಬೆಳಕು ಹೆಚ್ಚಾಗಿತ್ತು, ನಂಜಪ್ಪನವರೇ."

"ಓ! ಅವುಕ್ಕೆ ಗೊತ್ತಾಗಿತ್ತು" ಎಂದರು.

ಮುಂದೆ ಮೇಷ್ಟರಾಗಿ ಮೂವತ್ತು ವರ್ಷ ದುಡಿದೆ. ಲ್ಯಾಬು ಗುಡಿಸುವವರು ಇಣುಕಲು ಬಂದರೂ ಮೊದಲು ಕನ್ನಡಿಯ ಮೇಲೆ ಅಂಗೈ ಮುಚ್ಚಿ, ಹೇಳಬೇಕಾದ ಮಾತನ್ನು ಹೇಳಿದ ಮೇಲೆಯೇ ಕೈ ತೆಗೆಯುತ್ತಿದ್ದೆ.