ಇರುವೆ ಮೇಸ್ತ್ರಿ ನೋಡದೆ ಹೋದ ಹುಳ

ಹಕ್ಕಿಗಳಿಗೆಂದು ನೀರಿಡುವ ಕಲ್ಲಿನ ಬಟ್ಟಲೊಂದು ನಮ್ಮ ಹಿತ್ತಲಿನಲ್ಲಿದೆ. ಮೊನ್ನೆ ಬೆಳಿಗ್ಗೆ ತೊಳೆಯಲು ಕೂತಾಗ ಅದರ ಅಂಚಿನ ಮೇಲೆ ಒಂದು ಕೆಂಪಿರುವೆ ಸುತ್ತು ಹಾಕುತ್ತಿತ್ತು. ನೀರಿನವರೆಗೆ ಇಳಿಯುವುದು, ಮೀಸೆ ತಾಗಿಸಿ ನೋಡುವುದು, ಮತ್ತೆ ಮೇಲೇರಿ ಓಡುವುದು. ನಾನು ಕೆಲಸ ಬಿಟ್ಟು ನೋಡುತ್ತ ಕೂತೆ. ಈ ಬಟ್ಟಲನ್ನು ಕಡೆದದ್ದು ಹಕ್ಕಿಗಾಗಿ ಅಲ್ಲ, ಇರುವೆಗಾಗಿ. ಒಂದು ಕಾಲದಲ್ಲಿ ಇಂಥವು ನಾಲ್ಕಿದ್ದವು...

ಮಧುವನಹಳ್ಳಿ ದಾಟಿ ಕಾಡಿನ ಕಡೆ ತಿರುಗಿದರೆ ನಮ್ಮೂರು. ಅಲ್ಲಿ ಅವ್ವ ಮನೆಯ ನಡುಕೋಣೆಯಲ್ಲೇ ರೇಷ್ಮೆ ಹುಳ ಸಾಕುತ್ತಿದ್ದಳು. ತಟ್ಟೆಗಳನ್ನು ಜೋಡಿಸಿದ ಬಿದಿರಿನ ಸ್ಟ್ಯಾಂಡಿನ ನಾಲ್ಕು ಕಾಲೂ ನೀರು ತುಂಬಿದ ಈ ಬಟ್ಟಲುಗಳಲ್ಲಿ ನಿಂತಿರುತ್ತಿದ್ದವು. ಇರುವೆ ಈಜಲಾರದು, ಹುಳಕ್ಕೆ ಭಯವಿಲ್ಲ ಎಂಬ ಲೆಕ್ಕ. ಆ ಸಲ ಲೆಕ್ಕ ತಪ್ಪಿತ್ತು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಬೆರಳುದ್ದ ಬೆಳೆದ ಹುಳಗಳು, ಬೆಳಿಗ್ಗೆ ನೋಡಿದರೆ ಮೇಲಿನ ತಟ್ಟೆಯಲ್ಲಿ ಬರೀ ತೊಗಲು. ಹಿಂದಿನ ಬೆಳೆಯೂ ಹೀಗೇ ಹೋಗಿತ್ತು. ಅಪ್ಪ ಉಣ್ಣುತ್ತಲೇ ಹೇಳಿದ್ದ: "ಈ ಸಲಾನೂ ಬೆಳೆ ಓದ್ರೆ ನಿನ್ನ ತ್ವಾಟ ಕಿತ್ತಾಕಿ ರಾಗಿ ಎರಚದೇಯಾ." ಆ ಮನೆಯಲ್ಲಿ ಅವ್ವನದು ಅಂತ ಇದ್ದದ್ದು ಆ ಅರ್ಧ ಎಕರೆ ಹಿಪ್ಪುನೇರಳೆ ಒಂದೇ.

ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೇ ಮೊನ್ನೆ ಹಳೆಯ ಡೈರಿ ತೆಗೆದೆ. ಓದಿದ ಮೇಲೆ ಡೈರಿಯನ್ನು ನಂಬುವುದೂ ಕಷ್ಟವಾಯಿತು. ಅದು ಆಮೇಲಿನ ಮಾತು.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಇರುವೆ ಮೇಸ್ತ್ರಿ ಎಂದೇ ಹೆಸರಾದವರೊಬ್ಬರು ಹನೂರಿನಲ್ಲಿ ಯಾರದೋ ಮನೆಯ ಗೆದ್ದಲು ತೆಗೆಯುತ್ತಿದ್ದಾರೆಂದು ತಿಳಿದು ಸೈಕಲ್ ಹತ್ತಿದೆ. ಅವರು ಯಳಂದೂರಿನ ಕಡೆಯವರು. ಬಿಳಿಗಿರಿರಂಗನ ಬೆಟ್ಟದ ಬಂಗಲೆಗೆ ಸಾಹೇಬರು ಬರುವ ಮುಂಚೆ ಇರುವೆ, ಗೆದ್ದಲು ಓಡಿಸುತ್ತ ಕಲಿತ ವಿದ್ಯೆಯನ್ನು ಕಾಡಂಚಿನ ಮನೆಗಳಿಗೆ ತಂದಿದ್ದರು. ಖಾಕಿ ಚಡ್ಡಿ, ಹೆಗಲಿಗೆ ಚೀಲ, ಕೈಯಲ್ಲಿ ಪೌಡರ್ ಊದುವ ಪಂಪು. ನೆಲಕ್ಕೆ ಮಂಡಿಯೂರಿ ಊರಿ ಮೊಣಕಾಲು ಕರಟದಂತಾಗಿದ್ದವು.

ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನದೇ ಮಾತು: ಬಂದವರೇ ಪೌಡರ್ ಹೊಡೆದುಬಿಡಿ, ಒಂದೂ ಉಳಿಯಬಾರದು. ಮನೆಯ ಮುಂದೆ ಇಳಿದ ಮೇಲೆ ಯಾಕೆ ಕರೆಸಿದ್ದೆಂದು ಅವರಿಗೆ ಪೂರ್ತಿ ತಿಳಿಯಿತು. ಪಂಪನ್ನು ಬೇಲಿಯ ಆಚೆಗೇ ಇಟ್ಟುಬಿಟ್ಟರು.

"ರೇಷ್ಮೆ ಉಳದ ಮನೆ ಅಂತ ಮೊದ್ಲೇ ಯೋಳಬಾರ್ದಾ ಸಾ? ಈ ಪೌಡ್ರು ಇದು ಇರುವೆ, ಇದು ಉಳ ಅಂತ ನೋಡಕಿಲ್ಲ. ಎಲ್ಡೂ ಒಂದೇ ಕಿತ ಮಲಗ್ತವೆ."

ನನಗೆ ನಾಚಿಕೆಯಾಯಿತು. ವಿಶ್ವವಿದ್ಯಾನಿಲಯದಲ್ಲಿ ಓದಿದವನಿಗೆ ಇಷ್ಟು ಹೊಳೆದಿರಲಿಲ್ಲ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊರಗಿನವರ ಕಣ್ಣು ಹುಳದ ಮೇಲೆ ಬೀಳಬಾರದು, ಏನು ಮಾಡುವುದಿದ್ದರೂ ಆಚೆಯಿಂದಲೇ ಮಾಡಲಿ ಎಂದಳು. ಮೇಸ್ತ್ರಿ ತಲೆಯಾಡಿಸಿ, ಇರುವೆಯ ಜಾಡು ಹಿಡಿಯಲು ಆಮಿಷಕ್ಕೆಂದು ಚೀಲದಿಂದ ಎಲೆ ಸುತ್ತಿದ ಪೊಟ್ಟಣ ಬಿಚ್ಚಿದರು. ಒಣಮೀನಿನ ವಾಸನೆ ಜಗಲಿಯನ್ನೆಲ್ಲ ತುಂಬಿತು.

"ಲಿಂಗ ಕಟ್ಟೋರ ಮನೆ ಕಣಯ್ಯಾ ಇದು! ಮೊದ್ಲು ಅದ ಆಚ್ಗೆ ಎಸಿ!" ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಬೆಲ್ಲ ಇಕ್ಕಿವ್ನಿ, ಅದ ಕಂಡು ಬರ್ತವೆ."

"ಮಾಂಸ ತಿನ್ನಕೆ ಕಲ್ತವು ನಿಮ್ಮ ಬೆಲ್ಲ ಮೂಸ್ತವಾ ಅಜ್ಜೀ? ನಿಮ್ಮ ಮನೇಲಿ ಮಾಂಸ ಉಣ್ಣೋವು ಅವೇ ಕಣ್ರಿ!"

ಅವ್ವ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ. ಒಳಗೆ ಹೋಗಿ ಸತ್ತ ಹುಳಗಳನ್ನು ಮೊರದಲ್ಲಿ ತಂದು ಹೊಸ್ತಿಲಿನ ಮೇಲಿಟ್ಟು, "ಇವು ಆದವಾ ನೋಡು" ಎಂದಳು.

ಆಮೇಲೆ ಶುರುವಾಯಿತು! ಇದನ್ನು ಬರೆಯುವಾಗ ಈಗಲೂ ನನ್ನ ಕೈ ಓಡುತ್ತದೆ. ಮೇಸ್ತ್ರಿ ಹುಳದ ಚೂರುಗಳನ್ನು ಎಲೆಯ ಮೇಲಿಟ್ಟು ಮನೆಯ ನಾಲ್ಕು ದಿಕ್ಕಿಗೂ ಇಟ್ಟು ಬಂದರು. ಒಂದೊಂದು ಎಲೆಗೆ ಒಬ್ಬೊಬ್ಬರ ಕಾವಲು. ಅಜ್ಜಿಗೂ ಒಂದು! ಮನೆಯ ಮುಂದಿನ ಎಲೆಗೆ ಒಂದು ಇರುವೆಯೂ ಬರಲಿಲ್ಲ, ಪಕ್ಕದ್ದಕ್ಕೂ ಇಲ್ಲ. ಹಿಂದಿನ ಗೋಡೆಯಿಂದ ಅಜ್ಜಿಯ ಕೂಗು: "ಬಂದೋ! ಬಂದೋ ಕಣ್ಲಾ!" ನಾವೆಲ್ಲ ಓಡಿದೆವು. ಮೇಸ್ತ್ರಿ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿಯೇಬಿಟ್ಟರು. ಚೂರು ಹೊತ್ತ ಇರುವೆ ನೆಲದ ಬಿಲಕ್ಕೆ ಹೋಗುತ್ತದೆಂದು ನಾವು ಕೆಳಗೆ ನೋಡುತ್ತಿದ್ದರೆ ಅದು ಗೋಡೆ ಹತ್ತಿತು! ಒಂದು, ಎರಡು, ಸಾಲು ಸಾಲು. ಗೋಡೆಯಿಂದ ಸೂರಿಗೆ, ಸೂರಿನಿಂದ ಹೆಂಚಿಗೆ ಒರಗಿದ್ದ ಹೊಂಗೆಯ ಕೊಂಬೆಗೆ, ಅಲ್ಲಿಂದ ಕಾಂಡದ ಪೊಟರೆಗೆ. ಹೆಂಚಿನ ಸಂದಿಯಿಂದ ಇನ್ನೊಂದು ಸಾಲು ಬಂದು ಸೇರುತ್ತಿತ್ತು. ಅವುಗಳ ಬಾಯಲ್ಲಿ ನಾವು ಇಡದ, ಹಸಿ ಹುಳದ ಚೂರು.

ನಾವು ಇಷ್ಟು ದಿನ ನೆಲ ಕಾದಿದ್ದೆವು. ಅವು ಆಕಾಶದಿಂದ ಬರುತ್ತಿದ್ದವು.

ಮುಂದಿನ ಗಳಿಗೆಯ ಬಗ್ಗೆಯೇ ನನ್ನ ಸಂಶಯ. ಡೈರಿಯಲ್ಲಿ ಹೀಗಿದೆ: "ಇಂದು ಇರುವೆಯ ದಾರಿಯನ್ನು ನಾನೇ ಕಂಡುಹಿಡಿದೆ." ಅವ್ವ ಮಾತ್ರ ಕೊನೆಯವರೆಗೂ ಬೇರೆಯೇ ಹೇಳುತ್ತಿದ್ದಳು. ಮೇಸ್ತ್ರಿ ಸೂರು ನೋಡುತ್ತ ನಿಂತು, "ಒಳಗೆ ತೊಲೆಯಿಂದ ಏನಾರ ನೇತಾಕಿದ್ದೀರಾ ಅವ್ವಾ?" ಎಂದು ಕೇಳಿದರಂತೆ. ಕೇಳಿದ್ದೇ ಅಜ್ಜಿಯ ಮುಖ ಸಣ್ಣಗಾಯಿತಂತೆ. ನಾನು ಒಳಗೆ ಓಡಿದ್ದು ಆಮೇಲೆ.

ಒಳಗೆ ಕಂಡದ್ದು ಮಾತ್ರ ಚೆನ್ನಾಗಿ ನೆನಪಿದೆ. ಹುಳಕ್ಕೆ ದೃಷ್ಟಿ ತಾಗದಿರಲೆಂದು ಅಜ್ಜಿ ತೊಲೆಯಿಂದ ಇಳಿಬಿಟ್ಟಿದ್ದ ಕರಿದಾರ, ಅದರಲ್ಲಿ ಮೆಣಸಿನಕಾಯಿ, ಇದ್ದಿಲು, ತುದಿಗೆ ನಿಂಬೆಹಣ್ಣು. ದಾರ ಜಗ್ಗಿ ನಿಂಬೆಹಣ್ಣು ಮೇಲಿನ ತಟ್ಟೆಯ ಅಂಚಿನ ಮೇಲೆ ಕೂತಿತ್ತು. ದಾರದುದ್ದಕ್ಕೂ ಇರುವೆ!

ಅಜ್ಜಿಯೇ ದಾರ ಕಿತ್ತಳು. ಮೇಸ್ತ್ರಿ ಹೊಂಗೆಯ ಕೊಂಬೆ ಕಡಿದು, ಗೋಡೆಯ ಬುಡಕ್ಕೆ ಬೂದಿ ಸುರಿದರು. ಪೊಟರೆಗೆ ಬಿಸಿನೀರು ಹೊಯ್ಯಲು ಹೋದ ನನ್ನನ್ನು ತಡೆದರು. "ಅವು ಮರದಲ್ಲಿ ಇರ್ಲಿ ಬುಡಿ ಸಾ. ದಾರಿ ತೆಗೆದ್ರೆ ಸಾಕು." ಮರುದಿನ ತಟ್ಟೆಯಲ್ಲಿ ಒಂದು ತೊಗಲೂ ಇರಲಿಲ್ಲ. ಅವ್ವ ಒಂದೊಂದೇ ತಟ್ಟೆ ಎಳೆದು ನೋಡಿ ನೋಡಿ ಅತ್ತಳು. ಅವಳ ತೋಟಕ್ಕೆ ಅಪ್ಪ ಮತ್ತೆಂದೂ ರಾಗಿಯ ಮಾತೆತ್ತಲಿಲ್ಲ.

ಹೊರಡುವಾಗ ಮೇಸ್ತ್ರಿ ಬೇಲಿಯ ಹತ್ತಿರ ನಿಂತು ಕೇಳಿದ್ದರು: "ಉಳ ಗೂಡು ಕಟ್ಟೋದ ಒಂದ್ಸಲ ತೋರಿಸ್ರಿ ಸಾ. ಇಷ್ಟ್ ವರ್ಸ ಬರೀ ಸಾಯ್ಸೋದೇ ಆಯ್ತು."

ಹೇಳಿಕಳಿಸುತ್ತೇನೆ ಎಂದೆ. ಹಣ್ಣಾದ ಹುಳವನ್ನು ಗೂಡು ಕಟ್ಟಲೆಂದು ಬಿಟ್ಟ ಬಿದಿರಿನ ಚಂದ್ರಿಕೆಗಳನ್ನು ಅಂಗಳದ ನೆರಳಿನಲ್ಲೇ ಒರಗಿಸುತ್ತಿದ್ದೆವು. ಆಗ ಯಾರೂ ಒಳಗೆ ಬರಬೇಕಾಗಿರಲಿಲ್ಲ. ಆದರೂ ನಾನು ಹೇಳಿಕಳಿಸಲಿಲ್ಲ. ಡೈರಿಯ ಮುಂದಿನ ಪುಟದಲ್ಲಿ "ಮೈಸೂರಿಗೆ ಹೊರಟೆ" ಎಂದಷ್ಟೇ ಇದೆ. ಅವ್ವ ಅವರಿಗೆಂದು ಒಂದು ಹಿಡಿ ಗೂಡು ತೆಗೆದಿಟ್ಟಿದ್ದಳು. ಕಾದು ಕಾದು ಕೊನೆಗೆ ಚಿಟ್ಟೆಗಳೇ ಅವನ್ನು ಕೊರೆದು ಹೊರಬಂದವಂತೆ...

ಇನ್ನೊಂದು ಪ್ರಶ್ನೆಯಿದೆ. ಅದೇ ವಾರ ಕೊಳ್ಳೇಗಾಲದ ನೆಂಟರು ಒಳಗೆ ಹೋಗಿ ಹುಳ ನೋಡಿ ಬಂದಿದ್ದರು. ಅಜ್ಜಿ ತಡೆದಿರಲಿಲ್ಲ. ಹಾಗಾದರೆ ಮೇಸ್ತ್ರಿಯನ್ನು ಹೊಸ್ತಿಲಿನಾಚೆ ನಿಲ್ಲಿಸಿದ್ದು ದೃಷ್ಟಿಯ ಭಯವೊಂದೇ ಏನು? ಆಗ ನಾನು ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ಯಳಂದೂರಿನಲ್ಲಿ ಬಸ್ಸಿಗೆ ಕಾಯುವಾಗ ಅವರನ್ನು ವಿಚಾರಿಸಿದೆ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಮೊನ್ನೆ ಬಟ್ಟಲಿಗೆ ನೀರು ತುಂಬಿ ಒಳಗೆ ಬಂದೆ. ಡೈರಿಯ ಆ ಸಾಲಿನಲ್ಲಿ "ನಾನೇ" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದೆ: ಕಂಡುಹಿಡಿದವರು ಮೇಸ್ತ್ರಿ. ಅವರಿಗೆ ಹುಳ ತೋರಿಸಲಿಲ್ಲ.