ಕಣಕಾಲಿನ ಅಳತೆ

ದರ್ಜಿಗೆ ಬೀದಿಯವರು ಇಟ್ಟ ಹೆಸರು ‘ಅರ್ಧಿಂಚು’. ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಗಿರಾಕಿ ಸುಮ್ಮನಿದ್ದರೂ ಈ ಪುಣ್ಯಾತ್ಮ ಸುಮ್ಮನಿರುತ್ತಿರಲಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಕೂರುತ್ತಿದ್ದ.

ಹೆಂಡತಿಯ ಕಣ್ಣಿನ ಸುತ್ತ, ಕಾಲಲ್ಲಿ ಬಾವು ಬಂದಾಗ ಮೊದಲು ಕಂಡವನೂ ಅವನೇ. ಮೂತ್ರ ನೊರೆನೊರೆಯಾಗಿ ಹೋಗುತ್ತಿದೆಯೆಂದು ಅವಳು ನಾಚಿಕೊಂಡೇ ಹೇಳಿದಳು. ನೆಫ್ರೋಟಿಕ್ ಸಿಂಡ್ರೋಮ್, ಕಿಡ್ನಿ ಸೋರುತ್ತಿದೆ, ಮೈಯಲ್ಲಿರಬೇಕಾದ ಪ್ರೋಟೀನು ಹೊರಗೆ ಹೋಗುತ್ತಿದೆ ಎಂದರು ಡಾಕ್ಟರಮ್ಮ. ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಉಪ್ಪು ಕಡಿಮೆ ಮಾಡಿ, ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ ಎಂದರು.

“ನನ್ನನ್ನ ಕೇಳ್ದೆ ಮಾತ್ರೆ ನಿಲ್ಲಿಸ್ಬೇಡಿ.”

ಅರ್ಧಿಂಚು ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅವಳ ಕಣಕಾಲಿಗೆ ಟೇಪು ಸುತ್ತುತ್ತಿದ್ದ. ಹನ್ನೊಂದು ಇಂಚಿದ್ದದ್ದು ಹತ್ತೂವರೆಯಾಯಿತು, ಎರಡು ತಿಂಗಳಲ್ಲಿ ಒಂಬತ್ತಕ್ಕೆ ಇಳಿಯಿತು. ಆದರೆ ಮಾತ್ರೆಯಿಂದ ಅವಳ ಮುಖ ದುಂಡಗಾಗಿ ಗುರುತೇ ಸಿಗದಂತಾಗಿತ್ತು, ನಿದ್ದೆ ಹಾರಿಹೋಗಿತ್ತು. ಅವನಿಂದ ಅದನ್ನು ನೋಡಲಾಗುತ್ತಿರಲಿಲ್ಲ.

“ಸಾಕು ಬಿಡೇ ಈ ಹಾಳು ಮಾತ್ರೆ. ಅಳತೆ ಸರಿಹೋಗಿದೆ ನೋಡು.”

“ಡಾಕ್ಟ್ರು ಬೈತಾರೆ ಕಣ್ರೀ.”

“ಇಪ್ಪತ್ತೆಂಟು ವರ್ಷದಿಂದ ಟೇಪು ಹಿಡಿದಿದೀನಿ. ನಂಗೇ ಹೇಳ್ಕೊಡ್ತೀಯಾ?”

ಅವಳು ಮಾತ್ರೆ ಬಿಟ್ಟಳು. ಪರೀಕ್ಷೆಗೂ ಹೋಗಲಿಲ್ಲ. ಒಳಗಿನ ಸೋರಿಕೆ ಟೇಪಿಗೆ ಎಲ್ಲಿ ಸಿಗಬೇಕು, ಅಯ್ಯೋ ದೇವರೇ! ಬಾವು ಮತ್ತೆ ಬಂದಾಗಲೂ, ನಿಂತು ನಿಂತು ಹಾಗಾಗಿದೆ ಎಂದು ಸಾಧಿಸಿದ. ಅವಳಿಗೆ ಉಸಿರು ಕಟ್ಟಿ, ಇಬ್ಬರೂ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಡಾಕ್ಟರಮ್ಮ ವರದಿ ನೋಡಿ ಕನ್ನಡಕ ತೆಗೆದಿಟ್ಟರು. “ಆಗ್ಲೇ ಬಂದಿದ್ರೆ ಬೇರೆ ಔಷಧಿ ಇತ್ತು. ಈಗ ಎರಡೂ ಕಿಡ್ನಿ ಕೆಟ್ಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡ್ಬೇಕು. ಯಾರಾದ್ರೂ ಕಿಡ್ನಿ ಕೊಟ್ರೆ ಕಸಿ ಮಾಡ್ಬಹುದು.”

“ನಂದು ತಗೊಳ್ಳಿ,” ಎಂದ ಅರ್ಧಿಂಚು.

“ನಿಮಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಆಗಲ್ಲ. ಅಲ್ಲಾ, ಮಾತ್ರೆ ನಿಲ್ಲಿಸೋಕೆ ಹೇಳಿದ್ದು ಯಾರು?”

ಅವನು ಹೆಂಡತಿಯ ಕಡೆ ನೋಡಿದ.

“ನಾನೇ ಬಿಟ್ಟೆ ಡಾಕ್ಟ್ರೇ,” ಎಂದಳು ಹೆಂಡತಿ. “ಇವ್ರು ಬಿಡ್ಬೇಡ ಬಿಡ್ಬೇಡ ಅಂತಾನೇ ಇದ್ರು.”

ಡಾಕ್ಟರಮ್ಮ ಚೆನ್ನಾಗಿ ಬೈದರು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

ಹೊರಗಿನ ಬೆಂಚಿನ ಮೇಲೆ ಕುಳಿತ ಮೇಲೆ ಅವನು ಕೇಳಿದ, “ಯಾಕೇ ಹಾಗಂದೆ?”

“ಇನ್ಮೇಲೆ ವಾರಕ್ಕೆ ಮೂರು ಸಲ ನನ್ನ ಕರ್ಕೊಂಡು ಬರೋರು ನೀವೇ ಅಲ್ವೇನ್ರೀ? ನಿಜ ಗೊತ್ತಾದ್ರೆ ಡಾಕ್ಟ್ರ ಮುಂದೆ ಹೇಗೆ ನಿಲ್ತೀರಿ?”

ನಿಜ ಹೇಳಿಬಿಡೋಣವೆಂದು ಅವನು ಎದ್ದು ಡಾಕ್ಟರಮ್ಮನ ಬಾಗಿಲ ತನಕ ಹೋದ. ಒಳಗೆ ಹೋಗಲಾಗದೆ ವಾಪಸು ಬಂದ. ಅವಳು ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟಳು.